ಮಂಡಗದ್ದೆಯ ಬಸ್ಸಿನ ಮೇಷ್ಟರಿಗೆ

ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸು ಮಂಡಗದ್ದೆಯ ಬಳಿ ಕೆಟ್ಟು ನಿಂತಿತ್ತು. ಮರುದಿನದ ಸಂದರ್ಶನಕ್ಕೆಂದು ನಾನು ‘ರೆಸ್ಪಾನ್ಸಿಬಿಲಿಟಿ’ ಎಂದು ಗೊಣಗುತ್ತ, ಪ್ರತಿ ಸಲವೂ ನಡುವೆ ಎಡವುತ್ತಿದ್ದೆ. ಪಕ್ಕದ ಸೀಟಿನಲ್ಲಿದ್ದ ನೀವು ಕವಳ ಉಗಿದು ಬಂದು, “ಬೆರಳು ಮಡಚಮ್ಮ” ಎಂದಿರಿ.

ರೆ-ಸ್ಪಾನ್-ಸಿ-ಬಿ-ಲಿ-ಟಿ. ಆರು ತುಂಡು, ಒತ್ತು, ಅಂದರೆ ದನಿಯ ಬಲ, ನಾಲ್ಕನೆಯದರ ಮೇಲೆ. ಕೊನೆಯಲ್ಲಿ ‘ಇಟಿ’ ಬಂದರೆ ಅದರ ಹಿಂದಿನ ತುಂಡಿಗೇ ಒತ್ತು, ‘ಎಲೆಕ್ಟ್ರಿಸಿಟಿ’ಯೂ ಹಾಗೆಯೇ. ಲಘು-ಗುರು ಹಾಕಿ ಅಭ್ಯಾಸವಿದ್ದ ನಾನು ದೀರ್ಘ ಕಂಡಲ್ಲೆಲ್ಲ ಎಳೆಯುತ್ತಿದ್ದೆ. “ಅದು ಮಾತ್ರೆಯ ಲೆಕ್ಕ, ಇದು ಒತ್ತಿನ ಲೆಕ್ಕ” ಎಂದು ನಕ್ಕಿರಿ.

ಆಮೇಲಿನದು ಇನ್ನೂ ಸೊಗಸು. ಗ್ರೀಕಿನಲ್ಲಿ ‘ಫೋಟೊ’ ಎಂದರೆ ಬೆಳಕಿನದು, ‘ಗ್ರಾಫ್’ ಎಂದರೆ ಬರೆದದ್ದು. ‘ಫೋಟೊಗ್ರಾಫ್’ನಲ್ಲಿ ಮೊದಲ ತುಂಡಿಗಿರುವ ಒತ್ತು ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ ಜಾರುತ್ತದೆ. ನಮ್ಮ ‘ಮನೆಗಳಿಂದ’ ಎಂಬುದನ್ನು ಮನೆ, ಗಳು, ಇಂದ ಎಂದು ಬಿಡಿಸುವವರಿಗೆ ಇದೇನು ದೊಡ್ಡದು ಎಂದಿರಿ. ಹದಿನೈದು ವರ್ಷ ಇಂಗ್ಲಿಷ್ ಓದಿದರೂ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬಹುಶಃ ಹೇಳಿದ್ದಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಬಸ್ಸು ಹೊರಟಿತು, ನೀವು ಸಕ್ರೆಬೈಲಿನಲ್ಲಿ ಇಳಿದಿರಿ. ಹೆಸರು ಕೇಳಲು ತೋಚಲಿಲ್ಲ. ಸಂದರ್ಶನದಲ್ಲಿ ಆ ಪದ ಎರಡು ಸಲ ಬಂತು. ಮೇಜಿನ ಕೆಳಗೆ ಬೆರಳು ಮಡಚಿಯೇ ಹೇಳಿದೆ. ತುಂಬು ಮನಸ್ಸಿನ ಧನ್ಯವಾದ, ಮೇಷ್ಟರೇ. ನೀವು ಮರೆತ ಕೊಡೆಯನ್ನು ಕಂಡಕ್ಟರರ ಕೈಗೆ ಕೊಟ್ಟಿದ್ದೇನೆ.