ಮಾನನಷ್ಟಕ್ಕೆ ಜೈಲು ಯಾಕೆ?

ಮಾನ್ಯ ಸಂಪಾದಕರೇ,

ಮಾನನಷ್ಟ ಕಾನೂನು ಬದಲಾಗಬೇಕು ಅಂತ ಬಾಯಿ ಬಿಟ್ಟರೆ ಸಾಕು, 'ಹಾಗಾದರೆ ಯಾರ ಬಗ್ಗೆ ಏನು ಬೇಕಾದರೂ ಹೇಳಬಹುದಾ' ಅಂತ ಮೈಮೇಲೆ ಬರುತ್ತಾರೆ. ಖಂಡಿತ ಇಲ್ಲ. ಸುಳ್ಳು ಹೇಳಿ ಹೆಸರು ಕೆಡಿಸಿದವರು ಕ್ಷಮೆ ಕೇಳಲಿ, ಪರಿಹಾರ ಕಟ್ಟಲಿ. ಜೈಲು ಯಾಕೆ ಅನ್ನುವುದಷ್ಟೇ ನನ್ನ ತಕರಾರು.

1860ರ ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಮಾನನಷ್ಟದ ಕಲಂ 499, 500 ಇದ್ದದ್ದು 356 ಆಯಿತು. ಎರಡು ವರ್ಷದವರೆಗಿನ ಜೈಲು ಹಾಗೇ ಉಳಿಯಿತು, ಬೇಕಿದ್ದರೆ ಸಮುದಾಯ ಸೇವೆ ಅಂತ ಒಂದು ಸೇರಿಸಿದರು, ಅಷ್ಟೇ. 2023ರ ಡಿಸೆಂಬರಿನಲ್ಲಿ ಇದು ಪಾಸಾದ ಅಧಿವೇಶನದಲ್ಲಿ 146 ಸಂಸದರು ಅಮಾನತಾಗಿದ್ದರು. ಚರ್ಚೆ ಎಷ್ಟಾಗಿರಬಹುದು, ನೀವೇ ಹೇಳಿ. (ಅಂದ ಹಾಗೆ, ಸದನದೊಳಗೆ ಸಂಸದರು ಆಡಿದ ಮಾತಿಗೆ ಕೇಸು ಹಾಕುವ ಹಾಗಿಲ್ಲ, ಸಂವಿಧಾನದ 105ನೇ ವಿಧಿ ಅವರನ್ನು ಕಾಯುತ್ತದೆ. ನಮಗೆಲ್ಲಿ ಆ ಭಾಗ್ಯ!)

ಇನ್ನೂ ವಿಚಿತ್ರ ನೋಡಿ. ಸಿವಿಲ್ ದಾವೆಯಲ್ಲಿ, ಹೇಳಿದ್ದು ನಿಜ ಅಂತ ಸಾಬೀತಾದರೆ ಮುಗಿಯಿತು. ಕ್ರಿಮಿನಲ್ ಕೇಸಿನಲ್ಲಿ ಅಷ್ಟು ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಜೈಲಿಗೆ ಕಳಿಸುವ ಕಡೆಯೇ ನಿಜಕ್ಕೆ ಬೆಲೆ ಕಮ್ಮಿ.

ತೀರ್ಪಿನ ಮಾತು ಆಮೇಲೆ. ಮೊದಲು ಸಮನ್ಸ್, ವಕೀಲರು, ಜಾಮೀನು, ಅದಾದ ಮೇಲೆ ವಾಯಿದೆ ಮೇಲೆ ವಾಯಿದೆ: ಬೆಳಿಗ್ಗೆಯೇ ಹೋಗಿ ಕೋರ್ಟ್ ಹಾಲಿನ ಹೊರಗೆ ನಿಂತು, ಹೆಸರು ಕೂಗುವವರೆಗೆ ಕಾದು, ದೂರುದಾರರೇ ಬಂದಿಲ್ಲ ಅಂತ ಇನ್ನೊಂದು ತಾರೀಕು ಬರೆದುಕೊಂಡು ವಾಪಸ್. ರಾಹುಲ್ ಗಾಂಧಿ 2019ರಲ್ಲಿ ಕೋಲಾರದಲ್ಲಿ ಆಡಿದ ಮಾತಿಗೆ ಕೇಸು ನಡೆದದ್ದು ಸೂರತ್‌ನಲ್ಲಿ. 2023ರಲ್ಲಿ ಎರಡು ವರ್ಷ ಶಿಕ್ಷೆಯಾಗಿ ಸಂಸದ ಸ್ಥಾನವೂ ಹೋಯಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಅದು ವಾಪಸ್ ಸಿಕ್ಕಿತು. ಅವರಿಗಾದರೆ ವಕೀಲರ ದಂಡೇ ಇದೆ. ನಾಲ್ಕು ಪುಟದ ಪತ್ರಿಕೆ ನಡೆಸುವವರು ಹಾಗೆ ಪರರಾಜ್ಯಕ್ಕೆ ಓಡಾಡಲು ಸಾಧ್ಯವಾ? ಸುಮ್ನೆ ಸುದ್ದಿ ಬಿಟ್ಟುಬಿಡುತ್ತಾರೆ.

2016ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿದಿದೆ, ನಿಜ. ಅಂದರೆ ಸಂಸತ್ತು ತೆಗೆಯಬಾರದು ಅಂತೇನಿಲ್ಲ ಅಲ್ವಾ? ಶ್ರೀಲಂಕಾ 2002ರಲ್ಲೇ ತೆಗೆಯಿತು. ನಮಗೆ ಇದನ್ನು ಕೊಟ್ಟ ಬ್ರಿಟನ್ 2009ರಲ್ಲಿ ಕೈಬಿಟ್ಟಿತು. ಜಾಲತಾಣದ ಸುಳ್ಳಿಗೆ ಬಲಿಯಾದವರ ಕಷ್ಟ ದೊಡ್ಡದೇ, ಆದರೆ ಅವರಿಗೆ ಬೇಕಾದದ್ದು ಆ ಪೋಸ್ಟ್ ಬೇಗ ಅಳಿಸಿಹೋಗುವುದು, ಸಿವಿಲ್ ದಾವೆ ಬೇಗ ಮುಗಿಯುವುದು. ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಒಂದು ಖಾಸಗಿ ಮಸೂದೆಯನ್ನಾದರೂ ತರಲಿ. ಬಾಯಿ ಮುಚ್ಚಿಸಲೆಂದೇ ಹಾಕಿದ ದಾವೆಯನ್ನು ಮೊದಲ ಹಂತದಲ್ಲೇ ವಜಾ ಮಾಡಿ, ಎದುರಾಳಿಯ ಖರ್ಚನ್ನೂ ಕೊಡಿಸುವ ಕಲಂ ಅದರಲ್ಲಿರಲಿ.

ಇಂತಿ,
ಒಬ್ಬ ಓದುಗ