ಅಜ್ಜನ ಸೈಕಲ್ ಕಡ್ಡಿ

ಉಡುಪಿ
ಡಿಸೆಂಬರ್ 16

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಜ್ಜ ಯುದ್ಧದಲ್ಲಿ ಎಷ್ಟು ಜನರಿಗೆ ಗುಂಡು ಹೊಡೆದಿದ್ದರು?" ಅಂತ. ಹಾಸ್ಟೆಲಿನ ಗೆಳತಿಯರಿಗೆ ಹೇಳಬೇಕಿತ್ತು ನಿನಗೆ. ಆಗ ಒಲೆ ಮೇಲೆ ಹಾಲಿತ್ತು, ಆಮೇಲೆ ಹೇಳ್ತೇನೆ ಅಂದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ.

ನನಗೆ ತಿಳಿದಂತೆ ಒಬ್ಬರಿಗೂ ಇಲ್ಲ. ಅಜ್ಜನ ಕೆಲಸ ಗುಂಡು ಹೊಡೆಯುವುದಲ್ಲ, ಮಣ್ಣು ಚುಚ್ಚುವುದು.

ಅವರು ಮದ್ರಾಸ್ ಸ್ಯಾಪರ್ಸ್‌ನವರು. 1780ರಲ್ಲಿ ಶುರುವಾದ, ಸೈನ್ಯದ ಎಂಜಿನಿಯರ್ ಪಡೆ ಅದು. ಅದರ ಕೇಂದ್ರ ಇರುವುದು ನೀನಿರುವ ಬೆಂಗಳೂರಿನಲ್ಲೇ, ಹಲಸೂರು ಕೆರೆಯ ಹತ್ತಿರ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ವೈರಿಗಳು ಹೂತಿಟ್ಟ ಮೈನ್, ಅಂದರೆ ನೆಲಬಾಂಬು, ತೆಗೆಯುವುದು ಅವರ ಕೆಲಸ. ಅಲ್ಲಿನ ಸೈನಿಕರನ್ನು ಎಲ್ಲರೂ 'ತಂಬಿ' (ತಮಿಳಿನಲ್ಲಿ ತಮ್ಮ) ಅಂತ ಕರೆಯುತ್ತಾರೆ. 1967ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿಂದ ಬಸ್ಸು ಹತ್ತಿದಾಗ ಅಜ್ಜನಿಗೆ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಮೊದಲ ರಜೆಗೆ ಬರುವಾಗ ಬೈಯುವುದೆಲ್ಲ ತಮಿಳಿನಲ್ಲಿ! ಕೊನೆಯವರೆಗೂ ಹಾಗೇ ಇತ್ತು. ಲೆಕ್ಕ ಹಿಂದಿಯಲ್ಲಿ, ಬೈಗುಳ ತಮಿಳಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ನಮ್ಮ ಜೊತೆ ತುಳು.

ಸೈನ್ಯಕ್ಕೂ ಚರ್ಚಿಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತ ಯಾರಾದರೂ ಕೇಳಿದರೆ ಅಜ್ಜ ಖಾಕಿಯ ಕಥೆ ತೆಗೆಯುತ್ತಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ನೇಯ್ಗೆ ಕಾರ್ಖಾನೆ ಹಾಕಿದರಲ್ಲ, ಅಲ್ಲಿ ಹಾಲರ್ ಎಂಬವರು ಗೇರು ಮರದಿಂದ ಆ ಬಣ್ಣ ತೆಗೆದರು ಅಂತ ನಮ್ಮ ಕಡೆಯ ಹೇಳಿಕೆ. ಪೇಶಾವರದ ಸೈನಿಕರು ಅದಕ್ಕೂ ಮೊದಲೇ ಮಣ್ಣಿನಲ್ಲಿ ಬಟ್ಟೆ ಅದ್ದಿ ತೊಡುತ್ತಿದ್ದರು ಅಂತ ನಾನು ಓದಿ ಹೇಳಿದೆ. ಅಜ್ಜ ಎರಡು ದಿನ ಮಾತು ಬಿಟ್ಟರು.

ಇನ್ನು ಯುದ್ಧ. 1971ರ ಡಿಸೆಂಬರ್, ಪಾಕಿಸ್ತಾನದ ಶಕರ್‌ಗಢದ ಕಡೆ ಬಸಂತರ್ ಹೊಳೆ. ಅಜ್ಜನಿದ್ದದ್ದು 9 ಎಂಜಿನಿಯರ್ ರೆಜಿಮೆಂಟಿನಲ್ಲಿ. ಹೊಳೆಯ ಆಚೆ ಈಚೆ ಮೈನ್ ಹೂತಿದ್ದರು. ಕಾಲಾಳುಗಳು ಹೇಗೋ ದಾಟಿದ್ದರು, ಆದರೆ ಟ್ಯಾಂಕು ದಾಟಲು ದಾರಿ ಬೇಕು. 15ರ ರಾತ್ರಿ, ಚಳಿಯಲ್ಲಿ, ಮೇಲಿಂದ ಶೆಲ್ ಬೀಳುವಾಗ ಇವರು ಆ ದಾರಿ ಮಾಡುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದವು. ಆಚೆ ದಡದಲ್ಲಿದ್ದವರಿಗೆ ಅಷ್ಟು ತುರ್ತು ಇತ್ತು. ಇಪ್ಪತ್ತೊಂದು ವರ್ಷದ ಅರುಣ್ ಖೇತ್ರಪಾಲ್ ಪರಮವೀರ ಚಕ್ರ ಪಡೆದದ್ದು ಮರುದಿನ ಅಲ್ಲೇ. ಆ ಹೆಸರು ನಿನಗೂ ಗೊತ್ತು. ಅಜ್ಜನ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿಯವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಮೈನ್ ತೆಗೆಸುತ್ತಲೇ ತೀರಿಹೋದವರು ಅವರು. ಆಮೇಲೆ ಮಹಾವೀರ ಚಕ್ರ ಬಂತು. ಅಜ್ಜ ಅವರನ್ನು 'ಮೇಜರ್ ಸಾಬ್' ಅಂತ ಮಾತ್ರ ಹೇಳುತ್ತಿದ್ದರು, ಹೇಳಿ ಎದ್ದು ಅಂಗಳಕ್ಕೆ ಹೋಗುತ್ತಿದ್ದರು.

ಅದಕ್ಕಿಂತ ಜಾಸ್ತಿ ನನಗೆ ಹೇಳಿದ್ದು ಒಂದೇ ಸಲ. ನನಗೆ ಹತ್ತು ವರ್ಷ. ಅಜ್ಜ ರಜೆಗೆ ಬಂದಿದ್ದರು. ಮಲ್ಪೆ ಕಡಲ ಕರೆಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಹೂತು, ನನ್ನ ಕೈಗೆ ಸೈಕಲ್ ಕಡ್ಡಿ ಕೊಟ್ಟು "ಹುಡುಕು" ಅಂದರು. ನಾನು ನಿಂತು ನೇರ ಚುಚ್ಚಿದೆ. ಟಣ್ ಅಂತು. "ಹೋದೆ ನೀನು" ಅಂದರು. ಆಮೇಲೆ ಬಿಳಿ ಅಂಗಿ ಹಾಕಿಕೊಂಡೇ ಮರಳಲ್ಲಿ ಬೋರಲು ಮಲಗಿ ತೋರಿಸಿದರು. ಮೈನ್ ಸಿಡಿಯುವುದು ಅದರ ತಲೆಯ ಮೇಲೆ ಒತ್ತಡ ಬಿದ್ದರೆ. ಅದಕ್ಕೇ ಕಡ್ಡಿಯನ್ನು ಓರೆಯಾಗಿ ಒಳಗೆ ಬಿಡಬೇಕು, ಅದರ ಪಕ್ಕೆಗೆ ತಾಗುವ ಹಾಗೆ. ಒಂದೊಂದು ಬೆರಳಿನಷ್ಟು ಜಾಗ ಬಿಟ್ಟು ಚುಚ್ಚುತ್ತಾ ಮುಂದೆ ಹೋಗಬೇಕು. ತಾಗಿದರೆ ನಿಲ್ಲಿಸಿ ಬೆರಳಲ್ಲಿ ಮಣ್ಣು ಸರಿಸಬೇಕು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನಿಂತು ನಗುತ್ತಿದ್ದರು. ಅಜ್ಜನಿಗೆ ಅದರ ಖಬರೇ ಇರಲಿಲ್ಲ. ಉಸಿರೂ ಬಿಡದೆ ಅರ್ಧ ಗಂಟೆ ಹಾಗೇ ತೆವಳಿದರು. ಡಬ್ಬಿ ಇದ್ದ ಜಾಗ ದಾಟಿ ಎಷ್ಟೋ ಮುಂದೆ ಹೋಗಿದ್ದರು. ನನಗೆ ಹೆದರಿಕೆಯಾಗಿ ಅಳು ಬಂತು.

1991ರಲ್ಲಿ ಹವಾಲ್ದಾರ್ ಆಗಿ ಪೆನ್ಶನ್ ಬಂದರು. ಮುಂದಿನದು ನೀನೇ ನೋಡಿದ್ದೀಯ. ಚರ್ಚಿನ ಹಿರಿಯರು, ಹಲವು ವರ್ಷ ಖಜಾಂಚಿ. ಆದರೆ ಮೀಟಿಂಗಿನಲ್ಲಿ ಅವರು ಮಾತಾಡಿದ್ದು ಕಡಿಮೆ. ಭಾನುವಾರ ಆರಾಧನೆಗೆ ಒಂದು ಗಂಟೆ ಮೊದಲೇ ಹೋಗಿ ಬೆಂಚುಗಳ ಕಾಲು ಅಲುಗಾಡಿಸಿ ನೋಡುತ್ತಿದ್ದರು. ಮಳೆಗಾಲದಲ್ಲಿ ಮೆಟ್ಟಿಲ ಪಾಚಿ ಕೆರೆಯುತ್ತಿದ್ದರು. ಬೆಳೆ ಹಬ್ಬದ ಏಲಂ ದಿನ ಕುಂಬಳಕಾಯಿ, ಬಾಳೆಗೊನೆಗೆ ಕೂಗುವವರೆಲ್ಲ ಮುಂದೆ ನಿಂತರೆ, ಅಜ್ಜ ಹಿಂದೆ ಬಾವಿಕಟ್ಟೆಯ ಹತ್ತಿರ, ಮಕ್ಕಳು ಬಗ್ಗದ ಹಾಗೆ ಕಾಯುತ್ತಾ.

ಗುಂಡಿ ತೋಡುವುದೂ ಅವರದ್ದೇ. ನಮ್ಮ ಸಿಮೆಟ್ರಿಯ ನೆಲ ಮುರಕಲ್ಲು, ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ. ಯಾರೇ ತೀರಿಹೋಗಲಿ, ಅಜ್ಜ ಅಳತೆಯ ಟೇಪು ಹಿಡಿದು ಹೊರಡುತ್ತಿದ್ದರು. 2021ರಲ್ಲಿ, ಆ ಕೊರೊನಾದ ಮೇ ತಿಂಗಳಲ್ಲಿ, ಹೊರಗೆ ಬಿಡಲಿಲ್ಲ ನಾವು. ಜಗಲಿಯಲ್ಲಿ ಕೂತು ಯುವಕರಿಗೆ ಫೋನಿನಲ್ಲೇ ಹೇಳಿಕೊಡುತ್ತಿದ್ದರು, ಹಗ್ಗ ಎಲ್ಲಿ ಹಿಡಿಯಬೇಕು, ಯಾರು ಮೊದಲು ಬಿಡಬೇಕು ಅಂತ.

ನವೆಂಬರ್ ಬಂದರೆ ನಮ್ಮ ಜಗಲಿ ಸೈನಿಕರ ಹೆಂಡಂದಿರಿಂದ ತುಂಬುತ್ತಿತ್ತು. ಪೆನ್ಶನ್ ನಿಲ್ಲಬಾರದು ಅಂದರೆ ಜೀವಂತ ಇದ್ದೇವೆ ಅಂತ ವರ್ಷಕ್ಕೊಮ್ಮೆ ಬರೆದುಕೊಡಬೇಕಲ್ಲ. ಗಂಡನ ಡಿಸ್ಚಾರ್ಜ್ ಪುಸ್ತಕದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಒಬ್ಬ ಹೆಂಗಸಿಗೆ ಒಂದೇ ಒಂದು ಅಕ್ಷರದ ವ್ಯತ್ಯಾಸಕ್ಕೆ ಫ್ಯಾಮಿಲಿ ಪೆನ್ಶನ್ ನಿಂತಿತ್ತು. ಅಜ್ಜ ಹದಿನಾಲ್ಕು ತಿಂಗಳು ಪತ್ರ ಬರೆದರು, ಪ್ರತಿಯೊಂದಕ್ಕೂ ನಂಬರು ಹಾಕಿ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಅಂತ ಇರಲಿಲ್ಲ, ಸರತಿ ಮಾತ್ರ ಇತ್ತು. ಸರತಿ ತಪ್ಪಿಸಿದವರಿಗೆ ತಮಿಳಿನಲ್ಲಿ ಉತ್ತರ. ಮಿಲಿಟರಿ ಕ್ಯಾಂಟೀನಿನ ರಮ್ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಬೇಡ. ಮದ್ಯದ ವಿರುದ್ಧ ಜೋರು ಮಾತಾಡುವ ಒಬ್ಬ ಹಿರಿಯರು ಕ್ರಿಸ್ಮಸ್ ಹತ್ತಿರ ಬಂದಾಗ ಹಿಂಬಾಗಿಲಿಂದ ಬರುತ್ತಿದ್ದರು, ಅಷ್ಟೇ ಹೇಳುತ್ತೇನೆ.

ಊರವರು ಹೊಗಳುವಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಸುಳ್ಳೇಕೆ ಹೇಳಲಿ. ನಾನು ಹುಟ್ಟುವಾಗ ಅಜ್ಜ ಊರಲ್ಲಿ ಇರಲಿಲ್ಲ. ಮೊದಲ ಸಲ ನೋಡಿದಾಗ ನಾನು 'ಮಾಮ' ಅಂತ ಕರೆದೆನಂತೆ. ಸೈನಿಕರಿಗೆ ಬರೆಯುವ ಪತ್ರದ ವಿಳಾಸ 56 ಎ.ಪಿ.ಓ. ಅನ್ನುವುದೇ ಅಪ್ಪನ ಊರು ಅಂತ ಎಷ್ಟೋ ವರ್ಷ ತಿಳಿದಿದ್ದೆ. ಪೆನ್ಶನ್ ಬಂದ ಮೇಲಾದರೂ ಮನೆಯಲ್ಲಿ ಇದ್ದರಾ? ಚರ್ಚಿನ ಹೆಂಚು ಸರಿಮಾಡುತ್ತಿದ್ದ ಮಳೆಗಾಲದಲ್ಲೇ ನಮ್ಮ ಅಡುಗೆಕೋಣೆ ಸೋರುತ್ತಿತ್ತು. ನಿನ್ನ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು ಬೇರೆ! ಅಜ್ಜಿ ಪಾತ್ರೆ ಇಟ್ಟು ಇಟ್ಟು ಸುಸ್ತಾಗಿ ಒಂದು ದಿನ ಆ ಪಾತ್ರೆಯ ನೀರನ್ನೇ ಅಜ್ಜನ ಊಟದ ತಟ್ಟೆಯ ಪಕ್ಕ ತಂದಿಟ್ಟರು. ಅಜ್ಜ ಊಟ ಮುಗಿಸಿ, ಏನೂ ಮಾತಾಡದೆ, ಮಾಡು ಹತ್ತಿದರು.

ನಿನ್ನ ಗೆಳತಿಯರಿಗೆ ಇದರಲ್ಲಿ ಎಷ್ಟು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಉಳಿದವರೆಲ್ಲ ಡಿಸೆಂಬರ್ ಒಂದಕ್ಕೇ ಕ್ರಿಸ್ಮಸ್ ನಕ್ಷತ್ರ ತೂಗಿಸಿದರೂ ಅಜ್ಜ 16ರ ಸಂಜೆಯವರೆಗೆ ಕಾಯುತ್ತಿದ್ದರು. ಯಾಕೆ ಅಂತ ಸಣ್ಣವರಿರುವಾಗ ಕೇಳಿ ಬೈಸಿಕೊಂಡಿದ್ದೆವು. ಅವರಿಲ್ಲದ ಎರಡನೇ ಕ್ರಿಸ್ಮಸ್ ಇದು. ನಾನೂ ಇವತ್ತೇ ಕಟ್ಟಿದೆ. ಸ್ಟೂಲು ಅಲುಗುತ್ತಿತ್ತು. ಇಳಿದು, ಬಗ್ಗಿ ನೋಡಿದರೆ ಒಂದು ಕಾಲಿನ ಅಡಿಗೆ ಮಡಚಿದ ರಟ್ಟು ಮೊದಲೇ ಅಂಟಿಸಿದ್ದಾರೆ. ಸವೆದು ಹೋಗಿತ್ತು. ಅದರ ಮೇಲೆ ಇನ್ನೊಂದು ಮಡಚಿ ಇಟ್ಟೆ.

23ರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಕೋ, ಆಮೇಲೆ ಸಿಗುವುದಿಲ್ಲ. ಕಪ್ಪು ಟ್ರಂಕು ಖಾಲಿ ಮಾಡುವಾಗ ಸೈಕಲ್ ಕಡ್ಡಿ ಸಿಕ್ಕಿದೆ, ತುದಿಗೆ ಬಟ್ಟೆ ಸುತ್ತಿ. ನಿನಗೆ ಅಂತ ತೆಗೆದಿಟ್ಟಿದ್ದೇನೆ.

ನಿನ್ನ,
ಅಮ್ಮ