ಮಗಳಿಗೊಂದು ಪತ್ರ: ಮೊದಲು ಚಾವಣಿ ನೋಡು

ಪ್ರೀತಿಯ ಪುಟ್ಟಿ,

ಕಾಲೇಜಿನ ಕೊನೆಯ ಪ್ರಾಜೆಕ್ಟಿಗೆ ಬೀದರ್ ಕಡೆಯ ಹಳ್ಳಿಯ ಶಾಲೆ, ಗ್ರಂಥಾಲಯ ಆರಿಸಿಕೊಂಡಿದ್ದೀ ಎಂದು ಕೇಳಿ ಖುಷಿಯಾಯಿತು. ಪೆನ್ಸಿಲ್ ಹಿಡಿಯುವ ಮುಂಚೆ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೇ ಅವರ ಕೆಲಸವನ್ನು ಕೂತು ಓದು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಗಾಂಡೊ ಎಂಬ ಹಳ್ಳಿಯವರು. ಬರ್ಲಿನ್‌ನಲ್ಲಿ ಓದು ಮುಗಿಯುವ ಮೊದಲೇ, 2001ರಲ್ಲಿ, ತಮ್ಮೂರಿಗೆ ಶಾಲೆ ಕಟ್ಟಿಕೊಟ್ಟರು. 2004ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ, 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಜ್‌ಕರ್. ಪ್ರಶಸ್ತಿ ಇರಲಿ, ನೀನು ಆ ಶಾಲೆಯ ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ನಕ್ಷೆ, ನೋಡಬೇಕು.

ಬಿಸಿಲ ನಾಡಿನಲ್ಲಿ ಸೆಕೆ ಹೆಚ್ಚಾಗಿ ಇಳಿಯುವುದು ತಲೆಯ ಮೇಲಿನಿಂದ. ಗಾಂಡೊದಲ್ಲಿ ಕೋಣೆಯ ಮೇಲೆ ಮಣ್ಣಿನ ಇಟ್ಟಿಗೆಯ ಸೂರು, ನಡುನಡುವೆ ಸಂದು ಬಿಟ್ಟು. ಅದರ ಮೇಲೆ ತೆಳು ಕಬ್ಬಿಣದ ಸರಳುಗಳನ್ನು ಬೆಸೆದು ಮಾಡಿದ ಟ್ರಸ್, ಅಂದರೆ ತಗಡು ಹೊರುವ ಚೌಕಟ್ಟು. ಅದರ ಮೇಲೆ ತಗಡು. ಕೋಣೆಯ ಬಿಸಿಗಾಳಿ ಸಂದಿನಿಂದ ಮೇಲೇರುತ್ತದೆ, ತಗಡಿನಡಿ ಬೀಸುವ ಗಾಳಿ ಅದನ್ನು ಒಯ್ಯುತ್ತದೆ. ಸರಳೇ ಏಕೆ? ಅಲ್ಲಿಗೆ ಕ್ರೇನ್ ತರುವ ಮಾತೇ ಇರಲಿಲ್ಲ. ಕೈಗರಗಸ, ಸಣ್ಣ ವೆಲ್ಡಿಂಗ್ ಮಷೀನು ಇದ್ದರೆ ಊರವರೇ ಮಾಡಬಹುದು. ನನ್ನ ಮಟ್ಟಿಗೆ ಇಡೀ ಕಟ್ಟಡದ ಜಾಣತನ ಇಲ್ಲಿದೆ.

ಇದನ್ನು ನಕಲು ಮಾಡುವವರು ಎಡವುವುದು ಸೂರಿಗೂ ತಗಡಿಗೂ ನಡುವಿನ ಅಂತರದಲ್ಲಿ. ಎರಡು-ಮೂರು ಇಂಚು ಬಿಟ್ಟರೆ ಗಾಳಿ ಆಡುವುದಿಲ್ಲ, ಬಿಸಿ ಅಲ್ಲೇ ನಿಲ್ಲುತ್ತದೆ. ಒಂದಡಿಗೆ ಕಡಿಮೆ ಬೇಡ. ಎತ್ತಿದ ತಗಡನ್ನು ಬಿರುಗಾಳಿ ಕೀಳಲು ನೋಡುತ್ತದೆ, ಅಂಚಿನ ಸಾಲಿನಲ್ಲಿ ಬೋಲ್ಟು ಹತ್ತಿರ ಹತ್ತಿರ ಹಾಕಿಸು. ಸಂದಿಗೆ ಜಾಲರಿ ಇಲ್ಲದಿದ್ದರೆ ಬಾವಲಿ ಬಂದು ಸೇರುತ್ತದೆ.

ಗೋಡೆಗೆ ಬೀದರಿನಲ್ಲಿ ಜಂಬಿಟ್ಟಿಗೆ ಕಲ್ಲು ಇದ್ದೇ ಇದೆ. ಕೆರೇ 2016ರಲ್ಲಿ ಬುರ್ಕಿನಾ ಫಾಸೊದ ಕುಡುಗು ಊರಿನ ಲೀಸೆ ಶೋರ್ಜ್ ಪ್ರೌಢಶಾಲೆ ಕಟ್ಟಿದ್ದೂ ಅಂಥದೇ ಕಲ್ಲಿನಲ್ಲಿ. ಅಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಅಗೆದ ಕೂಡಲೇ ಕಟ್ಟಿಸಬೇಡ. ಜೇಡಿ ಗಂಟು ತುಂಬಿದ ಕಲ್ಲನ್ನು ಪಕ್ಕಕ್ಕಿಡು.

ಮಣ್ಣಿನ ಬ್ಲಾಕ್ ಮಾಡುವುದಾದರೆ ಎರೆಮಣ್ಣು ಮುಟ್ಟಬೇಡ. ನೆನೆದರೆ ಉಬ್ಬಿ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಕೆಂಪು ಮಣ್ಣನ್ನೂ ಪರೀಕ್ಷಿಸಿಯೇ ತೆಗೆದುಕೋ. ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಭಾಗ ಮಣ್ಣು, ಚಿಟಿಕೆ ಉಪ್ಪು, ಮಿಕ್ಕಿದ್ದು ನೀರು. ಚೆನ್ನಾಗಿ ಕುಲುಕಿ ಒಂದು ದಿನ ಬಿಡು. ಕೆಳಗೆ ಮರಳು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಜೇಡಿ ಶೇ 10ರಿಂದ 15 ಸಾಕು, ಹೆಚ್ಚಿದ್ದರೆ ಕ್ವಾರಿ ಪುಡಿ ಬೆರೆಸು. ಸಿಮೆಂಟು ಶೇ 7ರ ಆಸುಪಾಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ರೂಪಿಸಿದ, ಬ್ಲಾಕ್ ಒತ್ತುವ ಕೈಯಂತ್ರದಂಥದ್ದು ಸಾಕು, ಕರೆಂಟು ಬೇಡ. ನೀರು ಬೆರೆಸಿದ ಮಣ್ಣನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು, ಮಧ್ಯಾಹ್ನದ ಊಟಕ್ಕೆ ಬಿಟ್ಟುಹೋದ ರಾಶಿ ದಂಡವೇ. ಆಮೇಲೆ ಗೋಣಿತಾಟು ಹೊದಿಸಿ ಮೂರು ವಾರ ನೀರುಣಿಸಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ಮೊದಲು ನಿಲ್ಲುವುದು ಇದು. ಒಂದು ಬ್ಲಾಕನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು, ಹಸಿಯಾಗಿರುವಾಗಲೇ ಒತ್ತಡದ ಪರೀಕ್ಷೆ ಮಾಡಿಸು. ಒಣ ಬ್ಲಾಕಿನ ಅಂಕಿ ನಂಬಬೇಡ.

ಎಲಿವೇಶನ್, ಅಂದರೆ ಹೊರನೋಟದ ನಕ್ಷೆ, ಆಮೇಲೆ ಮಾಡು. ತಳಪಾಯದಿಂದ ತಗಡಿನವರೆಗೆ ಒಂದೇ ಸೆಕ್ಷನ್, 1:20ರಲ್ಲಿ ಬರೆದು ಕಳಿಸು. ಸೂರಿಗೂ ತಗಡಿಗೂ ಎಷ್ಟು ಅಂತರ ಎಂದು ಅಳತೆ ಹಾಕಿರಲಿ.

ನಿನ್ನ,
ಅಮ್ಮ